ಮೂರು ವೈರು, ಎರಡು ಕುಂಕುಮ

ಗ್ಯಾರೇಜಿನವರ ಭಾಷೆಯಲ್ಲಿ ‘ಮಿಸ್ಸಿಂಗ್’ ಎಂದರೆ ಕಳೆದುಹೋಗುವುದಲ್ಲ. ಎಂಜಿನ್ ಓಡುತ್ತಲೇ ಇರುತ್ತದೆ, ಆದರೆ ಅದರ ಸಿಲಿಂಡರುಗಳಲ್ಲಿ ಒಂದಕ್ಕೆ ಕಿಡಿ ಸರಿಯಾಗಿ ಮುಟ್ಟುವುದಿಲ್ಲ. ಆಗ ಗಾಡಿ ಬಿಕ್ಕಳಿಸುತ್ತದೆ, ಜಗ್ಗುತ್ತದೆ, ಏರು ಬಂದರೆ ಮುನಿಸಿಕೊಂಡು ನಿಂತೇ ಬಿಡುತ್ತದೆ. ಅದಕ್ಕೆ ಅವರು ಗಾಡಿ ಮಿಸ್ಸಿಂಗ್ ಐತೆ ಎನ್ನುತ್ತಾರೆ. ಇದು ನನಗೆ ಗೊತ್ತಿತ್ತು, ನಮ್ಮ ಅತ್ತೆಗೆ ಗೊತ್ತಿರಲಿಲ್ಲ. ಆ ಒಂದು ಪದದ ದೆಸೆಯಿಂದ ನನ್ನ ವ್ಯಾನು ಕೈಬಿಟ್ಟು ಹೋಗುವುದರಲ್ಲಿತ್ತು.

ನಮ್ಮೂರು ಹಿರೇಗುಂಟನೂರು. ನನಗಿರುವ ತುಂಡು ಹೊಲದಲ್ಲಿ ಸೇವಂತಿಗೆ ಬೆಳೆಯುತ್ತೇನೆ. ನಮ್ಮ ಓಣಿಯ ಇನ್ನೂ ಕೆಲವು ಹೆಂಗಸರು ಸೇವಂತಿಗೆ, ಕನಕಾಂಬರ ಹಾಕಿದ್ದಾರೆ. ಎಲ್ಲರ ಹೂವನ್ನೂ ವ್ಯಾನಿಗೆ ತುಂಬಿಕೊಂಡು ಬೆಳಕು ಹರಿಯುವ ಹೊತ್ತಿಗೆ ದುರ್ಗದ ಹೂವಿನ ಮಾರ್ಕೆಟ್ಟಿಗೆ ಮುಟ್ಟಿಸುವುದು ನನ್ನ ಕೆಲಸ. ವ್ಯಾನು ಮೊದಲು ನನ್ನ ಗಂಡನದಾಗಿತ್ತು. ಅವರು ಕಾಯಿಲೆಯಿಂದ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಬೇವಿನ ಮರದಡಿ ನಿಂತಿತ್ತು. ಬೀದಿನಾಯಿಯೊಂದು ಅದರಡಿ ಮರಿ ಹಾಕಿ, ನಮ್ಮ ಗಾಡಿಯ ಹತ್ತಿರ ನನ್ನನ್ನೇ ಸೇರಿಸದೆ ಗುರ್ ಎಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಮರುವಾರವೇ ದುರ್ಗದಲ್ಲಿ ಡ್ರೈವಿಂಗ್ ಕಲಿಯಲು ಸೇರಿದೆ. ಕಲಿಸುವವನು, “ಅಮ್ಮಾರೆ, ಸ್ಟೇರಿಂಗ್ ಹಿಡೀರಿ ಸಾಕು, ಅದರ ಕುತ್ತಿಗೆ ಹಿಚುಕಬ್ಯಾಡ್ರಿ,” ಎನ್ನುತ್ತಿದ್ದ. ಅಂತೂ ಲೈಸೆನ್ಸ್ ಬಂತು.

ಅಂದಿನಿಂದ ಆ ಗಾಡಿ ನನಗೆ ಹೊಟ್ಟೆಪಾಡೂ ಹೌದು, ಹಟವೂ ಹೌದು. ಬೆಳಗಿನ ಜಾವದ ರಸ್ತೆಯಲ್ಲಿ ನಾನೊಬ್ಬಳೇ, ಬೆನ್ನ ಹಿಂದೆ ಹೂವಿನ ವಾಸನೆ, ಯಾರ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲದ ಅಷ್ಟು ಹೊತ್ತು. ಗಂಡನಿದ್ದಾಗಲೂ ನನಗೆ ಅಂಥದ್ದು ಸಿಕ್ಕಿರಲಿಲ್ಲ. ಅದನ್ನು ಯಾರಾದರೂ ಕಿತ್ತುಕೊಳ್ಳಲು ಬಂದರೆ ಸುಮ್ಮನೆ ಬಿಟ್ಟುಕೊಡುವ ಹೆಂಗಸು ನಾನಲ್ಲ.

ಹೋದ ಚಳಿಗಾಲದಲ್ಲಿ ವ್ಯಾನು ಸತಾಯಿಸತೊಡಗಿತು. ಬಿಸಿಲೇರಿದ ಮೇಲೆ ಸಾಧುವಿನ ಹಾಗೆ ಓಡುತ್ತಿತ್ತು. ಬೆಳಗಿನ ಮಂಜಿನಲ್ಲಿ, ಅದರಲ್ಲೂ ಭಾರ ಹೊತ್ತಾಗ, ಅದರ ಅಸಲು ಬುದ್ಧಿ ಹೊರಬೀಳುತ್ತಿತ್ತು. ನಮ್ಮೂರಿನಿಂದ ದುರ್ಗಕ್ಕೆ ಹೋಗುವ ದಾರಿಯಲ್ಲಿ ಗಾಳಿಯಂತ್ರಗಳು ನಿಂತಿರುವ ಗುಡ್ಡದ ಏರೊಂದಿದೆ. ಒಂದು ಬೆಳಿಗ್ಗೆ ಆ ಏರಿನ ನಡುವೆ ಬಿಕ್ಕಿ ಬಿಕ್ಕಿ ನಿಂತೇ ಹೋಯಿತು. ಹಿಂದೆ ಅದಿರಿನ ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯುತ್ತಿತ್ತು. ಜೀವ ಬಾಯಿಗೆ ಬಂದಿತ್ತು. ಹೇಗೋ ಮಾಡಿ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಇಳಿಸಿ ಮನೆಗೆ ಫೋನ್ ಹಚ್ಚಿದೆ.

“ಅತ್ತೆ, ಗಾಡಿ ಮಿಸ್ಸಿಂಗು. ಬರೋದು ತಡ ಆಗುತ್ತೆ,” ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ನಮ್ಮ ಅತ್ತೆ ಟಿವಿ ವಾರ್ತೆಯನ್ನು ಒಂದು ದಿನವೂ ತಪ್ಪಿಸದವರು. ಅವರು ಮಿಸ್ಸಿಂಗ್ ಎಂಬ ಮಾತನ್ನು ಕಲಿತದ್ದೇ ಅಲ್ಲಿ. ಮನೆ ಬಿಟ್ಟು ಹೋದ ಹುಡುಗಿ, ಕಾಣೆಯಾದ ವ್ಯಾಪಾರಿ, ಹುಡುಕುತ್ತಿರುವ ಪೊಲೀಸು. ಗಾಡಿ ಕಳುವಾಗಿದೆ, ಸೊಸೆಯ ಫೋನೂ ಹತ್ತುತ್ತಿಲ್ಲ ಎಂದು ಓಣಿಗೆಲ್ಲ ಸಾರಿದರು. ಅಷ್ಟಕ್ಕೇ ನಿಲ್ಲದೆ ಹೊಳಲ್ಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ತಮ್ಮ ದೊಡ್ಡ ಮಗನಿಗೆ, ಅಂದರೆ ನನ್ನ ಭಾವನಿಗೆ, ಸುದ್ದಿ ಮುಟ್ಟಿಸಿದರು. ಇತ್ತ ಬಿಸಿಲು ಬಿದ್ದ ಮೇಲೆ ನನ್ನ ಗಾಡಿ ತಾನಾಗಿಯೇ ಸರಿಹೋಯಿತು. ಹೂವು ಹಾಕಿ ಊರಿಗೆ ಬಂದರೆ ಮನೆ ಮುಂದೆ ಜನವೋ ಜನ. ಭಾವ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದರು. ವ್ಯಾನನ್ನೂ ನನ್ನನ್ನೂ ಒಟ್ಟಿಗೆ ಕಂಡ ಅತ್ತೆ ಓಡಿಬಂದು, “ಸಿಕ್ತೇನವ್ವ ಗಾಡಿ? ಎಲ್ಲಿತ್ತು?” ಎಂದು ಕೇಳಿದರು.

ಏನಾಗಿತ್ತೆಂದು ಬಿಡಿಸಿ ಹೇಳಿದೆ. ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಾನೂ ನಕ್ಕೆ. ಭಾವ ಮಾತ್ರ ನಗಲಿಲ್ಲ.

“ಕಳುವಾಗಿದ್ರೇ ಒಳ್ಳೇದಿತ್ತು,” ಎಂದರು. “ಗಾಡಿ ಹೋದ್ರೆ ಹೋಗ್ಲಿ ಬಿಡು ಅಂದ್ಕಂಡು ಬಂದೆ. ಏರಲ್ಲಿ ನಿಂತಾಗ ಹಿಂದಿನ ಲಾರಿ ಬಂದು ಗುದ್ದಿದ್ರೆ ಏನು ಗತಿ? ಹೆಣ್ಮಗಳು, ಲಾರಿ ಓಡಾಡೋ ರಸ್ತೆ, ಕೆಟ್ಟ ಗಾಡಿ. ಮೂರೂ ಒಂದ್ ಕಡೆ ಇರಬಾರ್ದು.”

“ರಸ್ತೆ ಮಾರಕ್ಕಾಗಲ್ಲ ಭಾವ, ನನ್ನನ್ನೂ ಮಾರಕ್ಕಾಗಲ್ಲ,” ಎಂದೆ.

“ಅದಕ್ಕೇ ಗಾಡಿ ಮಾರಾಣ ಅನ್ನೋದು.”

ಅವರು ಕೆಟ್ಟವರಲ್ಲ. ತಮ್ಮನನ್ನು ಕಳೆದುಕೊಂಡವರು, ತಮ್ಮನ ಹೆಂಡತಿಗೂ ಏನಾದರೂ ಆದೀತೆಂದು ನಿಜವಾಗಿ ಹೆದರಿದ್ದರು. ಆದರೆ ಅವರ ಹೆದರಿಕೆಯ ಹಿಂದೆ ಒಂದು ಪೂರ್ತಿ ಯೋಜನೆಯೇ ಸಿದ್ಧವಾಗಿತ್ತು. ವ್ಯಾನು ಮಾರುವುದು, ಬೆಳೆಯಲ್ಲಿ ಪಾಲಿನ ಮೇಲೆ ಹೊಲವನ್ನು ಕೋರಿಗೆ ಕೊಡುವುದು, ನಾನೂ ಅತ್ತೆಯೂ ಹೊಳಲ್ಕೆರೆಗೆ ಹೋಗಿ ಅವರ ಮನೆಯಲ್ಲಿ ಇರುವುದು. “ಒಂದು ರೂಮು ಖಾಲಿ ಐತೆ. ಅಂಗಡೀಲಿ ಫ್ಯಾನ್ ಕೆಳಗೆ ಕುಂತ್ಕಂಡು ಗಲ್ಲಾ ನೋಡ್ಕಂಡ್ರಾತು. ಯಾಕೆ ಬೇಕಮ್ಮ ಈ ತಾಪತ್ರಯ?” ಎಂದರು. ಅತ್ತೆ ಮಗನ ಮಾತಿಗೆ ತಲೆಯಾಡಿಸಿದರು. ಗಾಡಿಯ ಕಾಗದಪತ್ರಗಳು ಇನ್ನೂ ನನ್ನ ಗಂಡನ ಹೆಸರಿನಲ್ಲೇ ಇದ್ದವು. ಮನೆಗೆ ಹಿರಿಯರೆಂದು ಭಾವನ ಮಾತು ನಡೆಯುತ್ತಿತ್ತು. ಹಿರಿಯೂರಿನ ಕಡೆಯವರೊಬ್ಬರು ಹಳೆಯ ವ್ಯಾನು ಕೇಳುತ್ತಿದ್ದಾರೆ, ಬರುವ ಭಾನುವಾರ ಮಾತು ಮುಗಿಸೋಣ ಎಂದರು.

ಫ್ಯಾನ್ ಕೆಳಗೆ ಕೂತು ಗೊಬ್ಬರದ ಚೀಲ ನೋಡುತ್ತಿರುವ ನನ್ನನ್ನು ನಾನು ಒಮ್ಮೆ ಕಲ್ಪಿಸಿಕೊಂಡೆ. ಮೈಯೆಲ್ಲ ಉರಿದುಹೋಯಿತು.

“ಭಾನುವಾರದೊಳಗೆ ಗಾಡಿ ಸರಿ ಮಾಡ್ತೀನಿ,” ಎಂದೆ. “ಸರಿ ಆದ್ರೆ ಮಾರಂಗಿಲ್ಲ.”

ಭಾವ ವ್ಯಾನಿನ ಕಡೆ ಕೈ ತೋರಿಸಿದರು. “ಭಾರ ಹೊತ್ಕಂಡು ಆ ಗುಡ್ಡದ ಏರನ್ನ ಒಂದ್ಸಲಾನೂ ಬಿಕ್ಕದಂಗೆ ಹತ್ತಲಿ, ನಾನು ಬಾಯಿ ಮುಚ್ಕಂಡು ಹೋಗ್ತೀನಿ. ಹತ್ತಲಿಲ್ಲ ಅಂದ್ರೆ ಅಲ್ಲಿಂದಾನೇ ಫೋನ್ ಮಾಡಿ ಮಾರ್ತೀನಿ. ಆಗ ನೀನು ಬಾಯಿ ಮುಚ್ಕಬೇಕು.”

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಗಾಡಿಗೆ ಏನಾಗಿದೆ ಎಂಬುದೇ ನನಗೆ ಗೊತ್ತಿಲ್ಲವಲ್ಲ ಎಂದು ನೆನಪಾಯಿತು.

ಮರುದಿನ ದುರ್ಗದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಹಿಂದಿನ ತಿಂಗಳಷ್ಟೇ ಕಿಡಿ ಹೊತ್ತಿಸುವ ಹೊಸ ಪ್ಲಗ್ಗು ಹಾಕಿ, ಕಾರ್ಬೊರೇಟರ್ ತೊಳೆದು ಕಳಿಸಿದ್ದ. ಬಿಸಿಲಲ್ಲಿ ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟು ಕೇಳಿದ. ಆ ಹೊತ್ತಿನಲ್ಲಿ ಅದು ಎಲ್ಲಿ ಬಿಕ್ಕುತ್ತದೆ? ಒಳ್ಳೆಯ ಸೊಸೆಯ ಹಾಗೆ ತೆಪ್ಪಗೆ ಓಡಿತು. ಎಂಜಿನ್ ಇಳಿಸಿ ನೋಡಬೇಕಾಗುತ್ತದೆ, ವಾರಗಟ್ಟಲೆ ಹಿಡಿಯುತ್ತದೆ ಎಂದ. ಮಂಜಿದ್ದಾಗ ಮಾತ್ರ ಹೀಗಾಗುತ್ತದೆ ಎಂದು ಹೇಳಹೋದರೆ ಅರ್ಧಕ್ಕೇ ತಡೆದು, “ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳಿಸ್ರಿ ಅಮ್ಮ, ಅವರಿಗೆ ತಿಳಿಸಿ ಹೇಳ್ತೀನಿ,” ಎಂದ.

“ಗಾಡಿ ಓಡ್ಸೋಳು ನಾನು. ಗಂಡಸ್ರಿಗೆ ಹೇಳಿದ್ರೆ ಅದಕ್ಕೆ ವಾಸಿ ಆಗುತ್ತಾ?” ಎಂದು ಕೇಳಿ ಕೀ ಕಸಿದುಕೊಂಡು ಬಂದುಬಿಟ್ಟೆ. ಗೇಟು ದಾಟುವವರೆಗೂ ಬೈದುಕೊಂಡೇ ಬಂದೆ, ಸ್ವಲ್ಪ ಜೋರಾಗಿಯೇ.

ಕಾಯಿಲೆ ಹೊರಬೀಳುವುದು ಮಂಜಿನಲ್ಲಾದರೆ ಮಂಜಿನಲ್ಲೇ ನೋಡಬೇಕು. ಮಾರನೆಯ ದಿನ ನಸುಕಿನಲ್ಲಿ ಹೂವಿನ ಮೂಟೆ ತುಂಬಿದ ಮೇಲೆ ಎಂಜಿನ್ ಚಾಲೂ ಮಾಡಿದೆ. ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನಡಿ. ಸೀಟು ಎತ್ತಿ, ಟಾರ್ಚ್ ಆರಿಸಿ, ಕತ್ತಲಲ್ಲೇ ಕಣ್ಣಿಟ್ಟು ನೋಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಚಟ್ ಚಟ್ ಎಂದು ಸಣ್ಣ ಸದ್ದು. ಪ್ಲಗ್ಗಿಗೆ ಹೋಗುವ ಕಪ್ಪು ವೈರಿನ ಮೈಮೇಲೆ ನೀಲಿ ಕಿಡಿಯೊಂದು ಹರಿದಾಡಿ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ಇನ್ನೊಂದು ವೈರಿನಲ್ಲೂ ಅದೇ ಕಥೆ. ಸಿಲಿಂಡರಿನ ಒಳಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ವೈರಿನ ರಬ್ಬರು ಹಳತಾಗಿ ಬಿರುಕು ಬಿಟ್ಟಿತ್ತು, ಮಂಜಿನ ತೇವ ತಾಗಿದಾಗ ಅಲ್ಲಿಂದ ಹೊರಕ್ಕೆ ದಾರಿ ಮಾಡಿಕೊಳ್ಳುತ್ತಿತ್ತು. ಎಂಜಿನ್ನಿಗೆ ಏನೂ ಆಗಿಲ್ಲ, ವೈರು ಸವೆದಿದೆ, ಅಷ್ಟೇ. ಆ ಚಳಿಯಲ್ಲಿ ಒಬ್ಬಳೇ ನಿಂತು ನಕ್ಕೆ. ಮೂಟೆ ಹಾಕಿ ಹೊರಟಿದ್ದ ನೆರೆಮನೆಯಾಕೆ ನನಗೇನೋ ಆಗಿದೆ ಎಂದುಕೊಂಡಿರಬೇಕು.

ಹೂವು ಇಳಿಸಿದವಳೇ ದುರ್ಗದ ಹಳೇ ಪೇಟೆಯ ಬಿಡಿಭಾಗದ ಅಂಗಡಿಗೆ ಹೋದೆ. ಹಳೇ ಕಾಲದಿಂದ ದುರ್ಗದಲ್ಲೇ ನೆಲೆಸಿದ ಮುಸ್ಲಿಂ ಮನೆತನದವರ ಅಂಗಡಿ ಅದು. ಈಗ ಕೂರುವಾತನ ಹಿರಿಯರು ಜಟಕಾ ಗಾಡಿಗೆ ಗಾಲಿ ಕಟ್ಟುತ್ತಿದ್ದರಂತೆ.

“ಬರ್ರಿ ಅಕ್ಕ, ಕುಂತ್ಕಳ್ರಿ. ಏನು ಬೇಕಾಗಿತ್ತು?”

“ಪ್ಲಗ್ ವೈರು, ಪೂರ್ತಿ ಸೆಟ್ಟು.”

“ಯಾವ ಮೇಸ್ತ್ರಿ ಕಳಿಸಿದ್ದು?”

“ಮೇಸ್ತ್ರಿ ನಾನೇ.”

ಆತ ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಎದುರಿನ ಹೋಟೆಲಿನ ಕಡೆ ಮುಖ ಮಾಡಿ, “ಮೇಸ್ತ್ರಿಗೆ ಒಂದು ಟೀ ಕೊಡಪ್ಪ,” ಎಂದು ಕೂಗಿದ. ಗೇಲಿಯೋ ಮರ್ಯಾದೆಯೋ ತಿಳಿಯಲಿಲ್ಲ, ಟೀ ಮಾತ್ರ ಚೆನ್ನಾಗಿತ್ತು. ನೀಲಿ ಕಿಡಿಯ ವಿಷಯ ಹೇಳಿದೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಆ ವಾರ ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ಗಂಡಸು ಆತನೇ.

“ಬರೀ ವೈರು ಹಾಕೋದಾದ್ರೆ ಒಂದು ಕಿತ್ತು ಒಂದು ಹಾಕ್ರಿ, ತಪ್ಪಾಗಲ್ಲ,” ಎಂದ. “ಆದ್ರೆ ನಿಮ್ಮದು ಹಳೇ ಗಾಡಿ. ಕಿಡಿ ಹಂಚೋ ಡಬ್ಬಿ ಐತಲ್ಲ, ಅದರ ಮೇಲಿನ ಕ್ಯಾಪೂ ತೆಗೆದು ಒಳಗೆ ಒರೆಸಬೇಕು. ಅದು ತೆಗೀಬೇಕಂದ್ರೆ ಮೂರು ಪ್ಲಗ್ಗಿನ ಮೂರು ವೈರೂ ಒಟ್ಟಿಗೆ ಕೀಳಬೇಕಾಗುತ್ತೆ. ಯಾವುದು ಎಲ್ಲಿಗೆ ಅಂತ ಗುರುತು ಮಾಡ್ಕಳ್ರಿ. ಅದಲು ಬದಲಾದ್ರೆ ಢಂ ಅಂತೈತೆ ನೋಡ್ರಿ.”

ಕ್ಯಾಪಿನ ನಡುವೆ, ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ನಾಲ್ಕನೆಯ ವೈರೊಂದಿತ್ತು, ಅದು ಒಂದೇ ಕಡೆ ಕೂರುವಂಥದ್ದು, ಅದರ ಚಿಂತೆ ಇರಲಿಲ್ಲ. ನೋಡಿಕೊಳ್ಳಬೇಕಾದ್ದು ಆ ಮೂರನ್ನು.

ಭಾನುವಾರ ಬಂತು. ಭಾವ ಮಧ್ಯಾ‌ಹ್ನದ ಊಟಕ್ಕೆ ಬರುವವರಿದ್ದರು. ನಾನು ಬೆಳಗಿನ ಕೆಲಸ ಮುಗಿಸಿ, ಸೀರೆಯ ಮೇಲೆ ಗಂಡನ ಹಳೆಯ ಶರ್ಟು ಹಾಕಿಕೊಂಡು, ಬೇವಿನ ಮರದಡಿ ಸೀಟು ಎತ್ತಿದೆ. ಕ್ಯಾಪಿನ ಮೇಲೆ ವರ್ಷ ವರ್ಷದ ಆಯುಧಪೂಜೆ ಪದರ ಪದರವಾಗಿ ಕೂತಿತ್ತು. ವಿಭೂತಿ, ಕುಂಕುಮ, ತೆಂಗಿನಕಾಯಿಯ ನೀರು, ಅದರ ಮೇಲೆ ಎಣ್ಣೆ, ಧೂಳು. ದೇವರಿಗೆ ಸಲ್ಲಿಸಿದ್ದೆಲ್ಲ ಕಿಡಿಯ ದಾರಿಗೆ ಅಡ್ಡ ನಿಂತಿತ್ತು. ಮೊದಲು ಹೊರಗಿನಿಂದ ಎಲ್ಲ ಒರೆಸಿ ಚೊಕ್ಕ ಮಾಡಿದೆ.

ಇನ್ನು ಗುರುತು ಮಾಡಬೇಕು. ಪೆನ್ನಿನಲ್ಲಿ ಬರೆಯಹೋದರೆ ಎಣ್ಣೆಯ ಮೇಲೆ ಶಾಯಿ ಹಿಡಿಯಲೇ ಇಲ್ಲ. ಸುಣ್ಣ ಮನೆಯಲ್ಲಿರಲಿಲ್ಲ. ಒಳಗೆ ಹೋಗಿ ದೇವರ ಗೂಡಿನಲ್ಲಿದ್ದ ಅರಿಶಿನ ಕುಂಕುಮದ ಜೋಡಿ ಬಟ್ಟಲು ತಂದೆ. ಒದ್ದೆ ಬೆರಳಿನಿಂದ ಹಚ್ಚಿದರೆ ಚೆನ್ನಾಗಿ ಕೂತಿತು. ಮೊದಲ ಪ್ಲಗ್ಗಿನ ಪಕ್ಕ ಅರಿಶಿನ, ಅದರ ವೈರು ಕ್ಯಾಪಿನಲ್ಲಿ ಸೇರುವ ತೂತಿನ ಪಕ್ಕವೂ ಅರಿಶಿನ. ಎರಡನೆಯದಕ್ಕೆ ಅದೇ ರೀತಿ ಎರಡೂ ಕಡೆ ಕುಂಕುಮ. ಮೂರನೆಯದನ್ನು ಎರಡೂ ಕಡೆ ಬರಿದಾಗಿಯೇ ಬಿಟ್ಟೆ. ಮೂರನ್ನು ಗುರುತಿಸಲು ಎರಡು ಬಣ್ಣ ಸಾಕು ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹಳೆಯ ವೈರುಗಳು ಸುಲಭಕ್ಕೆ ಬರಲಿಲ್ಲ. ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಟೋಪಿಗಳು ಬಿಸಿಗೆ ಬೆಂದು ಕಚ್ಚಿಕೊಂಡಿದ್ದವು. ವೈರು ಹಿಡಿದು ಎಳೆಯಬಾರದು, ಟೋಪಿ ಹಿಡಿದು ತಿರುಚಿ ತಿರುಚಿ ಬಿಡಿಸಬೇಕು. ಬೆರಳಿನ ಗಂಟುಗಳ ಚರ್ಮ ಕಿತ್ತುಬಂತು, ಬಾಯಲ್ಲಿ ಬರಬಾರದ ಮಾತು ಬಂತು, ಕೊನೆಗೆ ಒಂದೊಂದಾಗಿ ಮೂರೂ ಬಂದವು. ಕೈಯಲ್ಲಿ ಬಗ್ಗಿಸಿ ನೋಡಿದರೆ ರಬ್ಬರು ಬೇಸಿಗೆಯ ಹಿಮ್ಮಡಿಯ ಹಾಗೆ ಒಡೆದಿತ್ತು. ಕ್ಯಾಪು ಬಿಚ್ಚಿ ಒಳಗಿನ ತಾಮ್ರದ ಮೊಳೆಗಳ ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿದೆ. ತೇವ ಆರಲೆಂದು ಅದನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆ. ಅಷ್ಟರಲ್ಲಿ ಬೀದಿಯ ನಲ್ಲಿಗೆ ನೀರು ಬಂತು. ಪ್ರಪಂಚ ಮುಳುಗಿದರೂ ನಲ್ಲಿ ನೀರು ಬಿಡುವಂತಿಲ್ಲ. ಕೊಡ ಎತ್ತಿಕೊಂಡು ಓಡಿದೆ.

ನೀರು ತುಂಬಿಸಿ ಬಂದು ನೋಡುತ್ತೇನೆ, ಕ್ಯಾಪಿನ ಮೇಲೆ ಒಂದು ಅರಿಶಿನ, ಎರಡು ಕುಂಕುಮ. ವ್ಯಾನಿನೊಳಗೆ ಬಗ್ಗಿ ನೋಡಿದೆ. ಅಲ್ಲಿಯೂ ಒಂದು ಅರಿಶಿನ, ಎರಡು ಕುಂಕುಮ. ಯಾವುದು ನಾನು ಹಚ್ಚಿದ್ದು, ಯಾವುದು ಆಮೇಲೆ ಬಂದದ್ದು, ತಿಳಿಯುವಂತಿರಲಿಲ್ಲ. ಉದ್ದ ನೋಡಿ ಹೇಳೋಣವೆಂದರೆ ಹೊಸ ವೈರುಗಳು ಮೂರೂ ಹೆಚ್ಚು ಕಡಿಮೆ ಒಂದೇ ಅಳತೆ.

ಅತ್ತೆ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

“ಅತ್ತೆ, ಇದನ್ನ ಯಾರು ಹಚ್ಚಿದ್ದು?”

“ನಾನೇ ಕಣವ್ವ. ಎರಡಕ್ಕೆ ಇಟ್ಟು ಒಂದನ್ನ ಮರ್ತಿದ್ದೆ ನೀನು. ಗಾಡಿ ಒಳಗೂ ಒಂದು ಹಂಗೇ ಉಳ್ಕಂಡಿತ್ತು, ಅದಕ್ಕೂ ಇಟ್ಟೆ.”

“ಮರ್ತಿರ್ಲಿಲ್ಲ ಅತ್ತೆ. ಅದು ಪೂಜೆ ಅಲ್ಲ, ಗುರುತು. ಬೇಕು ಅಂತಾನೇ ಬಿಟ್ಟಿದ್ದೆ.”

“ಏನಾದ್ರೂ ಆಗ್ಲಿ. ಎರಡಕ್ಕೆ ಇಟ್ಟು ಒಂದನ್ನ ಬರೀ ಹಣೇಲಿ ಬಿಡಬಾರ್ದು. ನೋಡಕ್ಕಾಗಲ್ಲ.”

ಅವರು ಅದನ್ನು ತೀರಾ ಸಹಜವಾಗಿ ಹೇಳಿದರು. ನನಗೆ ಮಾತ್ರ ಎಲ್ಲೋ ಚುಚ್ಚಿತು. ಗಂಡ ತೀರಿಕೊಂಡಾಗ ಬಂದ ಹೆಂಗಸರು ನನ್ನ ಹಣೆಯ ಕುಂಕುಮ ಒರೆಸಿದ್ದರು. ಒರೆಸಲಾ ಎಂದು ಯಾರೂ ಕೇಳಲಿಲ್ಲ, ಬೇಡ ಎನ್ನುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಆಮೇಲೆ ವಿಭೂತಿಯ ಗೆರೆಯೊಂದು ಬಿಟ್ಟರೆ ಹಣೆ ಹಾಗೇ ಉಳಿಯಿತು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದೆ, ದಿನಾ ಒಳಗೇ ಕುದಿಯುತ್ತಿದ್ದೆ, ಗಾಡಿ ಹತ್ತಿ ಹೋಗುತ್ತಿದ್ದೆ. ಆವತ್ತು ಕುದಿದದ್ದು ಹೊರಗೆ ಬಂತು.

“ವೈರಿನ ಬರೀ ಹಣೆ ನೋಡಕ್ಕಾಗಲ್ಲ ನಿಮಗೆ,” ಎಂದೆ. “ದಿನಾ ನನ್ನ ಹಣೆ ನೋಡ್ತೀರಲ್ಲ, ಅದು ಹೆಂಗೆ ಆಗುತ್ತೆ?”

ಅತ್ತೆ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟರು. “ನಂದು ಬರಿದಾದಾಗ ನಿನ್ನ ಗಂಡ ಇನ್ನೂ ಒಂದನೇ ಕ್ಲಾಸಿಗೆ ಹೋಗ್ತಿದ್ದ. ನನ್ನನ್ನ ಯಾರು ಕೇಳಿದ್ರು?” ಎಂದರು.

“ನಿಮ್ಮನ್ನ ಯಾರೂ ಕೇಳ್ಲಿಲ್ಲ ಅಂತ ನನ್ನನ್ನೂ ಕೇಳಬಾರ್ದಾ?”

ಅವರ ಬೆರಳ ತುದಿ ಇನ್ನೂ ಕೆಂಪಗಿತ್ತು. ಆ ಬೆರಳು ನನ್ನ ಹಣೆಯ ಕಡೆ ಬರುತ್ತದೆಂದು ಒಂದು ಕ್ಷಣ ಅಂದುಕೊಂಡೆ. ಸುಳ್ಳೇಕೆ ಹೇಳಲಿ, ಆಸೆಪಟ್ಟೆ. ಬರಲಿಲ್ಲ. ಸೆರಗಿಗೆ ಒರೆಸಿಕೊಂಡರು. ಅವರಿಂದ ಅಷ್ಟು ಆಗದು ಎಂದು ಅರ್ಥವಾಯಿತು. ಆದರೆ ಕಾಯುತ್ತ ಕೂರುವ ಪೈಕಿ ನಾನಲ್ಲ. ಗ್ರೀಸ್ ಮೆತ್ತಿದ ಉಂಗುರ ಬೆರಳನ್ನೇ ಬಟ್ಟಲಿಗೆ ಅದ್ದಿ, ಕನ್ನಡಿಯನ್ನೂ ನೋಡದೆ, ಹಣೆಗೆ ಇಟ್ಟುಕೊಂಡೆ. ಇಟ್ಟುಕೊಂಡು ಅತ್ತೆಯ ಮುಖವನ್ನು ನೆಟ್ಟಗೆ ನೋಡಿದೆ. ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ.

ಅತ್ತೆ ನೋಡಿದರು. ತುಂಬ ಹೊತ್ತು ನೋಡಿದರು.

“ಓರೆ ಆಗೈತೆ, ತಡಿ,” ಎಂದರು. ಹತ್ತಿರ ಬಂದು, ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ, ಅಂಚು ತಿದ್ದಿ ದುಂಡಗೆ ಮಾಡಿದರು.

ಅಳಲು ಪುರುಸೊತ್ತಿರಲಿಲ್ಲ. ಭಾವ ಬರುವ ಹೊತ್ತಾಗುತ್ತಿತ್ತು, ಎಂಜಿನ್ ಬಿಚ್ಚಿಕೊಂಡು ಬಿದ್ದಿತ್ತು, ಎರಡು ಕುಂಕುಮಗಳ ಲೆಕ್ಕ ಇನ್ನೂ ಬಗೆಹರಿದಿರಲಿಲ್ಲ. ತಲೆ ತಣ್ಣಗಾದ ಮೇಲೆ ಹೊಳೆಯಿತು. ಅರಿಶಿನದ್ದು ಹೇಗೂ ಖಚಿತ. ಉಳಿದದ್ದು ಎರಡು, ಅವನ್ನು ಜೋಡಿಸುವ ರೀತಿಯೂ ಎರಡೇ. ಒಂದು ತಪ್ಪಾದರೆ ಇನ್ನೊಂದು ಸರಿಯಾಗಲೇಬೇಕು. ಕ್ಯಾಪು ಕೂರಿಸಿ, ಹೊಸ ವೈರುಗಳ ಟೋಪಿಗಳನ್ನು ಟಕ್ ಎಂದು ಸದ್ದು ಬರುವವರೆಗೆ ಒತ್ತಿ, ಕೀ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಗಾಡಿಯೆಲ್ಲ ನಡುಗಿತು, ಸೈಲೆನ್ಸರಿನಿಂದ ಢಂ ಎಂದು ಸದ್ದು ಬಂದು ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು.

“ತಪ್ಪು ಅಂತ ಕಾಣುತ್ತೆ,” ಎಂದರು ಅತ್ತೆ, ಕಿವಿ ಮುಚ್ಚಿಕೊಂಡು.

“ಹಂಗೇ ಕಾಣುತ್ತೆ,” ಎಂದೆ.

ಎರಡು ಕುಂಕುಮದ ವೈರುಗಳನ್ನು ಅದಲು ಬದಲು ಮಾಡಿದೆ. ಮತ್ತೆ ಕೀ ತಿರುಗಿಸಿದೆ. ಈ ಸಲ ಎಂಜಿನ್ ಒಂದೇ ಏಟಿಗೆ ಹಿಡಿಯಿತು. ನಡುಕವಿಲ್ಲ, ಬಿಕ್ಕಳಿಕೆಯಿಲ್ಲ. ಅಷ್ಟು ನಯವಾದ ಸದ್ದನ್ನು ನಾನು ಆ ಗಾಡಿಯಿಂದ ಕೇಳಿಯೇ ಇರಲಿಲ್ಲ. ನಂಬಿಕೆ ಬರದೆ ಕೊಡದಲ್ಲಿದ್ದ ನೀರನ್ನು ಬೆರಳಿನಿಂದ ವೈರುಗಳ ಮೇಲೆ ಚಿಮುಕಿಸಿ ನೋಡಿದೆ. ಎಂಜಿನ್ ಅದನ್ನು ಲೆಕ್ಕಕ್ಕೇ ಇಡಲಿಲ್ಲ.

ಭಾವ ಬಂದರು. ನನ್ನ ಹಣೆ ನೋಡಿದರು, ತಾಯಿಯ ಮುಖ ನೋಡಿದರು. ಅತ್ತೆ, “ಕೈಕಾಲು ತೊಳ್ಕಂಡು ಬಾ, ಮುದ್ದೆ ಆರೋಗುತ್ತೆ,” ಎಂದರು. ಭಾವ ಕೈಕಾಲು ತೊಳೆದುಕೊಂಡು ಬಂದು ಊಟಕ್ಕೆ ಕೂತರು. ಊಟವಾದ ಮೇಲೆ ಖಾಲಿ ಗಾಡಿಯ ಹತ್ತಿರ ನಿಂತು, “ಭಾರ ಎಲ್ಲಿ? ಖಾಲಿ ಗಾಡಿ ಯಾರಾದ್ರೂ ಹತ್ತಿಸ್ತಾರೆ,” ಎಂದರು. ಆ ಮಧ್ಯಾ‌ಹ್ನದಲ್ಲಿ ಹೂವು ಎಲ್ಲಿಂದ ತರಲಿ? ನಾನು ಯೋಚಿಸುತ್ತಿರುವಾಗಲೇ ಓಣಿಯ ಹೂವಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಹಿಂದೆ ಹತ್ತಿ ಕೂತರು. ಗಾಡಿ ಹೋದರೆ ಅವರ ಹೂವೂ ಹೊಲದಲ್ಲೇ ದಲ್ಲಾಳಿಯ ಪಾಲಾಗುತ್ತಿತ್ತು. ಕೊನೆಗೆ ಅತ್ತೆಯೂ ಹತ್ತಿದರು. ಹೂವಿನ ಮೂಟೆಗಳಿಗಿಂತ ಇವರೇ ಹೆಚ್ಚು ಭಾರವಿದ್ದರು. ವ್ಯಾನು ಹಿಂದಕ್ಕೆ ಕುಸಿದು ಕೂತಿತು. ಭಾವ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ಏರು ಶುರುವಾಗುವ ಜಾಗದಲ್ಲಿ ಭಾವ ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟರು. ನಾನು ಅದನ್ನು ನೋಡಿದೆ. ಎರಡನೇ ಗೇರಿಗೆ ಇಳಿಸಿ ಕಾಲು ಒತ್ತಿದೆ. ಹಿಂದೆ ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಹೆಂಗಸರು ಒಮ್ಮೆಲೇ ಸುಮ್ಮನಾದರು. ನಾನು ರಸ್ತೆ ನೋಡುತ್ತಿದ್ದೆನೇ ಹೊರತು ಕಿವಿಯೆಲ್ಲ ಸೀಟಿನಡಿಯ ಸದ್ದಿನಲ್ಲಿತ್ತು. ಮೊನ್ನೆ ನಿಂತುಹೋದ ಜಾಗ ಬಂತು. ಒಂದು ಬಿಕ್ಕು ಬಂದರೆ ಮುಗಿಯಿತು, ಗೊಬ್ಬರದ ಅಂಗಡಿ, ಫ್ಯಾನು, ಗಲ್ಲಾಪೆಟ್ಟಿಗೆ. ಹಲ್ಲು ಕಚ್ಚಿಕೊಂಡೆ. ಜಾಗ ದಾಟಿತು. ಗಾಡಿ ನಿಧಾನವಾಗಿ, ಒಂದೇ ಉಸಿರಿನಲ್ಲಿ, ಹತ್ತುತ್ತಲೇ ಹೋಯಿತು. ಗಾಳಿಯಂತ್ರಗಳ ಬುಡದವರೆಗೂ ಹತ್ತಿತು. ರಸ್ತೆ ಸಮವಾದಾಗ ಭಾವ ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆದು, ಅಂಗೈಯ ಬೆವರನ್ನು ಪಂಚೆಗೆ ಒರೆಸಿಕೊಂಡರು.

“ಪಕ್ಕಕ್ಕೆ ಹಾಕಮ್ಮ,” ಎಂದರು.

ಪಕ್ಕಕ್ಕೆ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ, ಗೇರಿನಲ್ಲೇ ಕ್ಲಚ್ ಒತ್ತಿ ಹಿಡಿದಿದ್ದೆ. ಭಾವ ಜೇಬಿನಿಂದ ಫೋನ್ ತೆಗೆದು ಹಿರಿಯೂರಿನವರಿಗೆ ಹಚ್ಚಿದರು.

“ಹಾ, ನಾನೇ. ಇಲ್ಲ ಕಣಪ್ಪ, ಗಾಡಿ ಕೊಡಲ್ಲ.” ಆ ಕಡೆಯವರು ಏನೋ ಕೇಳಿದರು. “ಏನೂ ಕೆಟ್ಟಿಲ್ಲ, ಚೆನ್ನಾಗೈತೆ. ಅದಕ್ಕಲ್ಲ.” ಭಾವ ಒಮ್ಮೆ ಗಂಟಲು ಸರಿಮಾಡಿಕೊಂಡರು. “ನಮ್ಮ ಮನೇಲೇ ಓಡ್ಸೋರು ಅವ್ರೆ.”

ಗಂಡ ಹೋದಂದಿನಿಂದ ಆ ಮನೆಯಲ್ಲಿ ನಾನು ಯಾರಾದರೂ ನೋಡಿಕೊಳ್ಳಬೇಕಾದವಳಾಗಿದ್ದೆ, ಎಲ್ಲಾದರೂ ಇಡಬೇಕಾದವಳಾಗಿದ್ದೆ. ಗಾಡಿ ಓಡಿಸುವವಳು ಎಂದು ಆ ಮನೆಯವರ ಬಾಯಿಂದ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ರಸ್ತೆ ಮಸುಕಾಯಿತು. ಕಾಲು ಕ್ಲಚ್ಚಿನಿಂದ ಜಾರಿತು. ವ್ಯಾನು ಗಕ್ಕನೆ ಕುಪ್ಪಳಿಸಿ ಆಫ್ ಆಯಿತು, ಹಿಂದೆ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಭಾವ ಕಿವಿಯಲ್ಲಿ ಫೋನ್ ಹಿಡಿದುಕೊಂಡೇ ಗಾಬರಿಯಿಂದ ನನ್ನ ಕಡೆ ತಿರುಗಿದರು.

“ಏನಾತಮ್ಮ?”

“ಗಾಡಿಗೆ ಏನೂ ಆಗಿಲ್ಲ ಭಾವ,” ಎಂದೆ. “ಆಗಿದ್ದು ನನಗೆ.” ಕಣ್ಣು ಒರೆಸಿಕೊಂಡು ಮತ್ತೆ ಕೀ ತಿರುಗಿಸಿದೆ.